ಎದೆಯ ಸದ್ದಿಗೆ ಸಾಕ್ಷಿ ಹುಡುಕಿದವರು

1761ರಲ್ಲಿ ವಿಯೆನ್ನಾದಲ್ಲಿ ನೂರು ಪುಟವೂ ಇಲ್ಲದ ಒಂದು ಲ್ಯಾಟಿನ್ ಪುಸ್ತಕ ಅಚ್ಚಾಯಿತು. ಬರೆದವನು ಅಲ್ಲಿನ ಸ್ಪ್ಯಾನಿಷ್ ಆಸ್ಪತ್ರೆಯ ವೈದ್ಯ ಲಿಯೋಪೋಲ್ಡ್ ಔಎನ್‌ಬ್ರುಗರ್. ಏಳು ವರ್ಷಗಳ ಕಾಲ ರೋಗಿಗಳ ಎದೆಯನ್ನು ಬೆರಳ ತುದಿಗಳಿಂದ ಮೆಲ್ಲಗೆ ತಟ್ಟಿ, ಹೊರಟ ಸದ್ದನ್ನು ಗಮನಿಸಿ ಆತ ಕಂಡುಕೊಂಡದ್ದೆಲ್ಲ ಅದರಲ್ಲಿತ್ತು. ಆರೋಗ್ಯವಂತನ ಎದೆ ದಪ್ಪ ಬಟ್ಟೆ ಹೊದಿಸಿದ ನಗಾರಿಯಂತೆ ನುಡಿಯುತ್ತದೆ. ಹೃದಯವಿರುವ ಕಡೆ ಮಾತ್ರ ಸದ್ದು ಮಂದ. ಆ ಮಂದ ಸದ್ದಿನ ಜಾಗ ಅಗಲವಾಗಿದ್ದರೆ ಹೃದಯ ಹಿಗ್ಗಿರಬೇಕು, ಇಲ್ಲವೇ ಅದರ ಸುತ್ತಲ ಪೊರೆಯಲ್ಲಿ ನೀರು ತುಂಬಿರಬೇಕು. ಎದೆಯನ್ನು ಕೊಯ್ಯದೆ ಒಳಗಿನ ಸ್ಥಿತಿಯನ್ನು ತಿಳಿಯುವ ದಾರಿಯೊಂದು ಹೀಗೆ ತೆರೆಯಿತು.

ಔಎನ್‌ಬ್ರುಗರ್ ಗ್ರಾಜ್ ಪಟ್ಟಣದ ಛತ್ರವೊಂದರ ಮಾಲೀಕನ ಮಗ. ಅಪ್ಪನ ನೆಲಮಾಳಿಗೆಯಲ್ಲಿ ಪೀಪಾಯಿಗಳನ್ನು ತಟ್ಟಿ ದ್ರಾಕ್ಷಾರಸ ಎಲ್ಲಿಯವರೆಗೆ ಇದೆ ಎಂದು ತಿಳಿಯುವುದನ್ನು ಹುಡುಗನಾಗಿದ್ದಾಗ ನೋಡಿದ್ದೇ ಆತನಿಗೆ ಈ ಉಪಾಯ ಹೊಳೆಯಲು ಕಾರಣ ಎಂಬ ಕಥೆ ಪ್ರಸಿದ್ಧವಾಗಿದೆ. ಕಥೆ ಹಾಗಿರಲಿ, ಆತ ಆಮೇಲೆ ಮಾಡಿದ ಕೆಲಸ ಅದಕ್ಕಿಂತ ದೊಡ್ಡದು. ತನ್ನ ಬೆರಳೂ ಕಿವಿಯೂ ಹೇಳುತ್ತಿರುವುದು ನಿಜವೇ ಎಂದು ನೋಡಲು ಆತ ಶವಗಳ ಎದೆಗೂಡಿಗೆ ನೀರು ತುಂಬಿಸಿ ತಟ್ಟಿದ. ನೀರು ಏರಿದ ಮಟ್ಟದವರೆಗೆ ಸದ್ದು ಮಂದವಾಗಿತ್ತು. ಅನುಮಾನಕ್ಕೆ ಸಾಕ್ಷಿ ಸಿಕ್ಕಿತು.

ಹೃದಯವನ್ನೂ ರಕ್ತ ಪರಿಚಲನೆಯನ್ನೂ ಪರೀಕ್ಷಿಸುವ ಕ್ರಮವನ್ನು ಇಂದು ಮೈಸೂರಿನಿಂದ ಹುಬ್ಬಳ್ಳಿಯವರೆಗೆ ಯಾವ ವೈದ್ಯಕೀಯ ಕಾಲೇಜಿನಲ್ಲಾದರೂ ನಾಲ್ಕು ಹೆಜ್ಜೆಗಳಲ್ಲಿ ಕಲಿಸುತ್ತಾರೆ: ನೋಡು, ಮುಟ್ಟು, ತಟ್ಟು, ಕೇಳು. ಈ ನಾಲ್ಕೂ ಒಟ್ಟಿಗೆ ಹುಟ್ಟಿದವಲ್ಲ, ಸುಲಭವಾಗಿ ಸಿಕ್ಕವೂ ಅಲ್ಲ. ಈ ಇತಿಹಾಸವನ್ನು ಉಪಕರಣಗಳ ಕಥೆಯಾಗಿ ಹೇಳುವುದು ರೂಢಿ. ಆದರೆ ಪ್ರತಿ ಹೆಜ್ಜೆಯ ಹಿಂದೆಯೂ ಯಾರೋ ಒಬ್ಬರು ‘ನಾನು ಕೇಳಿದ್ದು ನಿಜವೇ?’ ಎಂದು ತಮ್ಮನ್ನೇ ಪ್ರಶ್ನಿಸಿಕೊಂಡು ಸಾಕ್ಷಿ ಹುಡುಕಿಕೊಂಡು ಹೋಗಿದ್ದಾರೆ. ಈ ವಿದ್ಯೆಯನ್ನು ಕಟ್ಟಿದ್ದು ಆ ಹುಡುಕಾಟ.

ನಾಡಿಯೊಂದೇ ಆಧಾರವಾಗಿದ್ದ ಕಾಲ

ಔಎನ್‌ಬ್ರುಗರನಿಗಿಂತ ಹಿಂದೆ ವೈದ್ಯರು ರೋಗಿಯ ಮೈ ಮುಟ್ಟುತ್ತಿದ್ದದ್ದು ಬಹುಮಟ್ಟಿಗೆ ಮುಂಗೈಯಲ್ಲಿ ಮಾತ್ರ. ರೋಗಿ ಹೇಳಿದ್ದನ್ನು ಕೇಳುವುದು, ನಾಲಿಗೆ ನೋಡುವುದು, ಮೂತ್ರದ ಬಣ್ಣ ನೋಡುವುದು, ನಾಡಿ ಹಿಡಿಯುವುದು. ಗ್ರೀಕ್ ಪರಂಪರೆಯ ಗ್ಯಾಲನ್ ನಾಡಿಯ ಮೇಲೆಯೇ ಹಲವು ಗ್ರಂಥಗಳನ್ನು ಬರೆದ. ನಮ್ಮಲ್ಲಿ ಶಾರ್ಙ್ಗಧರ ಸಂಹಿತೆ ಹೆಬ್ಬೆರಳಿನ ಬುಡದ ಧಮನಿಯನ್ನು ಜೀವಕ್ಕೆ ಸಾಕ್ಷಿಯೆಂದೇ ಎಣಿಸಿತು. ಅದರ ನಡೆಯನ್ನು ಹಾವು, ಕಪ್ಪೆ, ಹಂಸಗಳ ನಡೆಗೆ ಹೋಲಿಸಿ ವಾತ, ಪಿತ್ತ, ಕಫಗಳನ್ನು ಗುರುತಿಸುವ ಕ್ರಮವನ್ನು ಹೇಳಿತು. ನಾಡಿ ಹಿಡಿದು ರೋಗಿಯ ಮುಖ ನೋಡುವ ಪಂಡಿತರ ಬೆರಳುಗಳಿಗೆ ಅಪಾರ ಸೂಕ್ಷ್ಮತೆ ಇತ್ತು. ಆದರೆ ಒಬ್ಬರ ಬೆರಳಿಗೆ ಸಿಕ್ಕಿದ್ದನ್ನು ಇನ್ನೊಬ್ಬರ ಬೆರಳು ಪರಿಶೀಲಿಸುವ ದಾರಿ ಯೂರೋಪಿನಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ.

1628ರಲ್ಲಿ ವಿಲಿಯಂ ಹಾರ್ವೆ ರಕ್ತ ದೇಹದಲ್ಲಿ ಸುತ್ತುತ್ತದೆ, ಅದನ್ನು ಸುತ್ತಿಸುವುದು ಹೃದಯ ಎಂದು ತೋರಿಸಿಕೊಟ್ಟ. ವಿಜ್ಞಾನ ತಲೆಕೆಳಗಾಯಿತು, ರೋಗಿಯ ಹಾಸಿಗೆಯ ಪಕ್ಕದಲ್ಲಿ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. 1707ರಲ್ಲಿ ಇಂಗ್ಲೆಂಡಿನ ಜಾನ್ ಫ್ಲಾಯರ್ ಒಂದು ನಿಮಿಷ ಓಡುವ ಗಡಿಯಾರ ಮಾಡಿಸಿ ನಾಡಿಯನ್ನು ಎಣಿಸಲು ತೊಡಗಿದ. 1733ರಲ್ಲಿ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ, ಕೆಡವಿ ಕಟ್ಟಿಹಾಕಿದ ಹೆಣ್ಣು ಕುದುರೆಯೊಂದರ ಧಮನಿಗೆ ಗಾಜಿನ ಕೊಳವೆ ಸೇರಿಸಿ ರಕ್ತ ಎಂಟು ಅಡಿಗೂ ಮೇಲಕ್ಕೆ ಏರಿದ್ದನ್ನು ಅಳೆದು ಪ್ರಕಟಿಸಿದ. ರಕ್ತಕ್ಕೆ ಒತ್ತಡವಿದೆ ಎಂಬುದು ಕಣ್ಣಿಗೆ ಕಂಡಿತು. ಮನುಷ್ಯನ ಧಮನಿಗೆ ಕೊಳವೆ ಹಾಕುವಂತಿರಲಿಲ್ಲವಾದ್ದರಿಂದ ಆ ಅರಿವು ಸುಮಾರು 150 ವರ್ಷ ಪ್ರಯೋಗಶಾಲೆಯಲ್ಲೇ ಉಳಿಯಿತು.

ಔಎನ್‌ಬ್ರುಗರನ ಪುಸ್ತಕಕ್ಕೂ ಅಂಥದೇ ಗತಿ ಬಂತು. ವಿಯೆನ್ನಾದ ಹಿರಿಯ ವೈದ್ಯರು ಅದನ್ನು ಕಡೆಗಣಿಸಿದರು. ಕೆಲವೇ ಕೆಲವರು ಕೈಗೆತ್ತಿಕೊಂಡರು. ಅವರಲ್ಲೊಬ್ಬನ ಬರಹದ ಮೂಲಕ ವಿಷಯ ಪ್ಯಾರಿಸ್ ತಲುಪುವ ಹೊತ್ತಿಗೆ ಫ್ರಾನ್ಸ್ ಇಡೀ ತನ್ನ ರಾಜನನ್ನು ಕಳೆದು ಹೊಸ ಯುಗವನ್ನು ಕಟ್ಟುತ್ತಿತ್ತು.

ಪ್ಯಾರಿಸ್ಸಿನ ಬಡವರು ಕಲಿಸಿದ ಪಾಠ

ಕ್ರಾಂತಿ ಫ್ರಾನ್ಸಿನ ವೈದ್ಯಕೀಯ ಶಿಕ್ಷಣವನ್ನು ಬುಡಸಮೇತ ಕದಲಿಸಿತು. 1794ರಲ್ಲಿ ಪ್ಯಾರಿಸ್ಸಿನಲ್ಲಿ ಹೊಸ ಆರೋಗ್ಯ ಶಾಲೆ ಶುರುವಾಯಿತು. ಅಲ್ಲಿಯವರೆಗೆ ಬೇರೆ ಬೇರೆ ಪಂಗಡಗಳಾಗಿದ್ದ ವೈದ್ಯರೂ ಶಸ್ತ್ರವೈದ್ಯರೂ ಒಂದೇ ಕಡೆ ಕಲಿಯತೊಡಗಿದರು. ಪಾಠ ಪುಸ್ತಕದಿಂದ ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂತು. ರೋಗಿ ತೀರಿಕೊಂಡರೆ ಶವಾಗಾರದಲ್ಲಿ ದೇಹವನ್ನು ತೆರೆದು, ಬದುಕಿದ್ದಾಗ ಕಂಡ ಲಕ್ಷಣಕ್ಕೂ ಒಳಗಿನ ಹಾನಿಗೂ ಏನು ಸಂಬಂಧವೆಂದು ನೋಡುವುದು ದಿನನಿತ್ಯದ ಕೆಲಸವಾಯಿತು.

ಈ ಶವಗಳು ಯಾರವು ಎಂಬುದನ್ನು ಇತಿಹಾಸ ಮರೆಯಬಾರದು. ಅನುಕೂಲವಂತರು ಆಸ್ಪತ್ರೆಗೆ ಹೋಗುತ್ತಿರಲಿಲ್ಲ, ವೈದ್ಯರೇ ಅವರ ಮನೆಗೆ ಬರುತ್ತಿದ್ದರು. ಆಸ್ಪತ್ರೆಯಲ್ಲಿ ಮಲಗುತ್ತಿದ್ದವರು ಕೂಲಿಕಾರರು, ಅಗಸಗಿತ್ತಿಯರು, ಮನೆಗೆಲಸದ ಹುಡುಗಿಯರು, ದಿಕ್ಕಿಲ್ಲದ ಮುದುಕರು. ಸತ್ತ ಮೇಲೆ ದೇಹವನ್ನು ಕೊಯ್ಯಬಹುದೇ ಎಂದು ಅವರನ್ನು ಯಾರೂ ಕೇಳುತ್ತಿರಲಿಲ್ಲ. ಹೃದಯದ ಬಗ್ಗೆ ವೈದ್ಯಲೋಕಕ್ಕೆ ಇಂದು ತಿಳಿದಿರುವುದರ ತಳಪಾಯದಲ್ಲಿ ಅವರಿದ್ದಾರೆ. ಅವರ ಹೆಸರುಗಳು ಯಾವ ರೋಗಲಕ್ಷಣಕ್ಕೂ ಅಂಟಿಕೊಂಡಿಲ್ಲ.

ಶಾರಿತೆ ಆಸ್ಪತ್ರೆಯಲ್ಲಿ ಈ ಹೊಸ ಪಾಠವನ್ನು ನಡೆಸುತ್ತಿದ್ದವನು ಜಾನ್ ನಿಕೊಲಾ ಕೊರ್ವಿಸಾರ್, ಮುಂದೆ ನೆಪೋಲಿಯನ್ನನ ವೈದ್ಯನಾದವನು. ಔಎನ್‌ಬ್ರುಗರನ ವಿಧಾನವನ್ನು ಆತ ವರ್ಷಗಟ್ಟಲೆ ರೋಗಿಗಳ ಮೇಲೆ ಪ್ರಯೋಗಿಸಿ ನೋಡಿದ. 1806ರಲ್ಲಿ ಹೃದಯದ ರೋಗಗಳ ಬಗ್ಗೆ ತನ್ನದೇ ಗ್ರಂಥ ತಂದ. ಹೃದಯದ ಮೇಲೆ ಅಂಗೈ ಇಟ್ಟಾಗ ಕೆಲವರಲ್ಲಿ ಒಂದು ಬಗೆಯ ಕಂಪನ ಸಿಗುತ್ತದೆ, ಅಂಥವರ ಕವಾಟದ ಬಾಯಿ ಕಿರಿದಾಗಿರುತ್ತದೆ ಎಂದು ಅದರಲ್ಲಿ ಬರೆದ. ‘ಮುಟ್ಟು’ ಎಂಬ ಹೆಜ್ಜೆಗೆ ಹೀಗೆ ಅರ್ಥ ಬಂತು. 1808ರಲ್ಲಿ ಔಎನ್‌ಬ್ರುಗರನ ಚಿಕ್ಕ ಪುಸ್ತಕವನ್ನು ತನ್ನ ದೀರ್ಘ ಟಿಪ್ಪಣಿಗಳೊಂದಿಗೆ ಫ್ರೆಂಚಿಗೆ ಅನುವಾದಿಸಿದ. ಮರೆತುಹೋದ ಆ ವಿಧಾನವನ್ನು ತನ್ನದೇ ಎಂದು ಹೇಳಿಕೊಂಡಿದ್ದರೂ ಕೇಳುವವರಿರಲಿಲ್ಲ. ಕೊರ್ವಿಸಾರ್ ಹಾಗೆ ಮಾಡದೆ, ಆ ಕೀರ್ತಿ ಸಲ್ಲಬೇಕಾದವನಿಗೇ ಸಲ್ಲಲಿ ಎಂದು ಬರೆದ. ಮರುವರ್ಷ, 1809ರಲ್ಲಿ, ಔಎನ್‌ಬ್ರುಗರ್ ವಿಯೆನ್ನಾದಲ್ಲಿ ತೀರಿಕೊಂಡ.

ಕೊರ್ವಿಸಾರನ ಶಿಷ್ಯರಲ್ಲಿ ಒಬ್ಬ ಸಣಕಲು ದೇಹದ ಬ್ರಿಟನಿ ಪ್ರಾಂತ್ಯದ ಹುಡುಗ. ಹೆಸರು ರೆನೆ ಲೆನೆಕ್.

1816, ನೆಕರ್ ಆಸ್ಪತ್ರೆ

ಲೆನೆಕ್ ಹುಟ್ಟಿದ್ದು 1781ರಲ್ಲಿ, ಕ್ಯಾಂಪೇರ್ ಪಟ್ಟಣದಲ್ಲಿ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಳು. ನಾಂತ್ ನಗರದಲ್ಲಿ ವೈದ್ಯನಾಗಿದ್ದ ಚಿಕ್ಕಪ್ಪ ಸಾಕಿ ಬೆಳೆಸಿದ. ಕ್ರಾಂತಿಯ ರಕ್ತಪಾತವನ್ನು ಹುಡುಗ ಆ ಊರಿನಲ್ಲಿ ಹತ್ತಿರದಿಂದ ಕಂಡ. 1801ರಲ್ಲಿ ಪ್ಯಾರಿಸ್ಸಿಗೆ ಬಂದು ಶಾರಿತೆಯಲ್ಲಿ ಕೊರ್ವಿಸಾರನ ಬಳಿ ಕಲಿತ. ಕೊಳಲು ನುಡಿಸುತ್ತಿದ್ದ; ಮರ ಕಡೆಯುವ ಹವ್ಯಾಸವೂ ಇತ್ತು. ಈ ಎರಡೂ ಮುಂದೆ ಉಪಯೋಗಕ್ಕೆ ಬಂದವು.

ಕೊರ್ವಿಸಾರನ ಶಿಷ್ಯವೃಂದದಲ್ಲಿ ಎದೆಗೆ ನೇರವಾಗಿ ಕಿವಿಯಿಟ್ಟು ಕೇಳುವ ಅಭ್ಯಾಸ ಕೆಲವರಿಗಿತ್ತು. ಲೆನೆಕ್‌ನ ಗೆಳೆಯ ಬೇಲ್ ಹಾಗೆ ಮಾಡುತ್ತಿದ್ದ. ಆದರೆ ಆಸ್ಪತ್ರೆಯ ಕೊಳಕಿನಲ್ಲಿ ಅದು ಅಸಹ್ಯವೆನಿಸುತ್ತಿತ್ತು, ಹೆಂಗಸರಲ್ಲಿ ಮುಜುಗರ ತರುತ್ತಿತ್ತು, ಕೇಳಿಸುವುದೂ ಕಲಸುಮೇಲೋಗರವಾಗಿತ್ತು.

1816ರಲ್ಲಿ ಲೆನೆಕ್ ನೆಕರ್ ಆಸ್ಪತ್ರೆಯ ವೈದ್ಯನಾದ. ಆ ವರ್ಷ ಹೃದ್ರೋಗದ ಲಕ್ಷಣಗಳಿದ್ದ ಒಬ್ಬ ಯುವತಿಯನ್ನು ಪರೀಕ್ಷಿಸಬೇಕಾಯಿತು. ಮೈ ತುಂಬಿಕೊಂಡಿದ್ದರಿಂದ ಮುಟ್ಟಿದರೂ ತಟ್ಟಿದರೂ ಹೆಚ್ಚೇನೂ ತಿಳಿಯಲಿಲ್ಲ. ವಯಸ್ಸಿನ ಹೆಣ್ಣುಮಗಳ ಎದೆಗೆ ಕಿವಿಯಿಡುವುದು ಸಭ್ಯವಾಗಿರಲಿಲ್ಲ. ಆಗ ಆತನಿಗೆ ಎಲ್ಲರಿಗೂ ಗೊತ್ತಿದ್ದ ಒಂದು ಸಂಗತಿ ನೆನಪಾಯಿತು: ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಗೀರಿದರೆ, ಇನ್ನೊಂದು ತುದಿಗೆ ಕಿವಿ ಹಚ್ಚಿದವನಿಗೆ ಅದು ಸ್ಪಷ್ಟವಾಗಿ ಕೇಳುತ್ತದೆ. ಒಂದಿಷ್ಟು ಕಾಗದದ ಹಾಳೆಗಳನ್ನು ತೆಗೆದುಕೊಂಡು ಬಿಗಿಯಾಗಿ ಸುರುಳಿ ಸುತ್ತಿದ. ಒಂದು ತುದಿಯನ್ನು ಹೃದಯದ ಮೇಲಿಟ್ಟು ಇನ್ನೊಂದಕ್ಕೆ ಕಿವಿಗೊಟ್ಟ. ನೇರವಾಗಿ ಕಿವಿಯಿಟ್ಟಾಗ ಎಂದೂ ಕೇಳಿಸದಷ್ಟು ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿದ್ದು ಆತನಿಗೇ ಆಶ್ಚರ್ಯ ತಂದಿತು.

ಆಮೇಲೆ ಲೆನೆಕ್ ಬಗೆಬಗೆಯ ವಸ್ತುಗಳನ್ನು ಪರೀಕ್ಷಿಸಿ ಕೊನೆಗೆ ಮರವನ್ನು ಆರಿಸಿಕೊಂಡ. ಮರ ಕಡೆಯುವ ಯಂತ್ರದಲ್ಲಿ ಸ್ಟೆತಸ್ಕೋಪನ್ನು ಸ್ವತಃ ಕಡೆದ. ಇಂದಿನ ರಬ್ಬರ್ ನಳಿಕೆಯ ಸಾಧನ ನೋಡಿದವರಿಗೆ ಅದರ ಗುರುತು ಹತ್ತುವುದಿಲ್ಲ. ಸುಮಾರು ಒಂದು ಅಡಿ ಉದ್ದದ, ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪದ ಮರದ ದುಂಡು. ಉದ್ದಕ್ಕೂ ನಡುವೆ ಸಣ್ಣ ರಂಧ್ರ. ಜೇಬಿಗೆ ಸೇರುವಂತೆ ಎರಡು ತುಂಡು ಮಾಡಿ ಜೋಡಿಸಿದ್ದು. ಎದೆಗೆ ಇಡುವ ತುದಿಯನ್ನು ಆಲಿಕೆಯ ಆಕಾರದಲ್ಲಿ ಕೊರೆದು, ಅದರೊಳಗೆ ಕೂರುವ ಒಂದು ಬಿರಡೆ ಮಾಡಿದ್ದ. ಉಸಿರಾಟ ಕೇಳಬೇಕಾದರೆ ಬಿರಡೆ ತೆಗೆಯಬೇಕು, ಹೃದಯ ಕೇಳಬೇಕಾದರೆ ಹಾಕಬೇಕು. ಕೇಳುವುದು ಒಂದೇ ಕಿವಿಯಿಂದ. ವೈದ್ಯ ಬಗ್ಗಿ, ತಲೆ ಓರೆ ಮಾಡಿ, ಉಸಿರು ಬಿಗಿಹಿಡಿದು ಕೇಳಬೇಕಿತ್ತು.

ಕೇಳಿದ್ದನ್ನು ಹೆಸರಿಟ್ಟು ಕರೆಯದೆ ಇನ್ನೊಬ್ಬರಿಗೆ ಹೇಳುವುದು ಹೇಗೆ? ಲೆನೆಕ್ ತನ್ನ ಸುತ್ತಲಿನ ಕಸುಬುಗಳಿಂದ ಹೆಸರುಗಳನ್ನು ಎತ್ತಿಕೊಂಡ. ಹೃದಯದ ಒಂದು ಅಸಹಜ ಸದ್ದು ಕಮ್ಮಾರನ ತಿದಿಯದು, ಇನ್ನೊಂದು ಗರಗಸದ್ದು, ಮತ್ತೊಂದು ಅರ ಉಜ್ಜಿದ್ದು. ಕೊರ್ವಿಸಾರ್ ಅಂಗೈಯಲ್ಲಿ ಕಂಡಿದ್ದ ಕಂಪನಕ್ಕೆ ಬೆಕ್ಕಿನ ಗುರುಗುಡುವಿಕೆಯ ಹೆಸರು ಕೊಟ್ಟ. ಸದ್ದಿಗೆ ಹೆಸರು ಬಂದ ಮೇಲೆ ಹತ್ತು ಜನ ವಿದ್ಯಾರ್ಥಿಗಳು ಒಂದೇ ಎದೆಯನ್ನು ಕೇಳಿ, ಒಂದೇ ಮಾತಿನಲ್ಲಿ ಒಪ್ಪುವುದಕ್ಕೋ ಜಗಳವಾಡುವುದಕ್ಕೋ ಸಾಧ್ಯವಾಯಿತು.

ನೆಕರ್‌ನಲ್ಲಿ ಇನ್ನೊಂದು ಕಟ್ಟುನಿಟ್ಟು ಇತ್ತು. ಪರೀಕ್ಷೆ ಮುಗಿದ ಮೇಲೆ ರೋಗ ಏನೆಂದು ತೋರುತ್ತದೋ ಅದನ್ನು ಅಲ್ಲೇ ಬರೆದಿಡಬೇಕು. ರೋಗಿ ಸತ್ತರೆ, ಶವ ತೆರೆದಾಗ ಕಂಡದ್ದನ್ನು ಆ ಬರಹದ ಜೊತೆಗಿಟ್ಟು ನೋಡಬೇಕು. ಮೊದಲೇ ಬರೆದದ್ದನ್ನು ಆಮೇಲೆ ತಿದ್ದಲಾಗದು. ಮೂರು ವರ್ಷ ಹೀಗೆ ಕೇಳಿ, ಬರೆದು, ಹೋಲಿಸಿ 1819ರಲ್ಲಿ ಲೆನೆಕ್ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದ. ಪುಸ್ತಕದ ಜೊತೆಗೆ ಕೆಲವು ಫ್ರಾಂಕ್ ಹೆಚ್ಚು ಕೊಟ್ಟರೆ ಸ್ಟೆತಸ್ಕೋಪೂ ಸಿಗುತ್ತಿತ್ತು. 1821ರಲ್ಲಿ ಜಾನ್ ಫೋರ್ಬ್ಸ್ ಅದನ್ನು ಇಂಗ್ಲಿಷಿಗೆ ತಂದ. ಇಷ್ಟು ಶ್ರಮ, ಸಮಯ ಬೇಡುವ ಈ ಪದ್ಧತಿ ವೈದ್ಯರಲ್ಲಿ ವ್ಯಾಪಕವಾಗಿ ಬಳಕೆಗೆ ಬರುವುದು ಅನುಮಾನ ಎಂದು ಆ ಅನುವಾದಕನೇ ಮುನ್ನುಡಿಯಲ್ಲಿ ಬರೆದ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಆ ಅನುಮಾನ ಸುಳ್ಳಾಯಿತು.

ಲೆನೆಕ್ ತನ್ನ ಗ್ರಂಥವನ್ನು ತಿದ್ದಿ ಬೆಳೆಸಿ 1826ರಲ್ಲಿ ಎರಡನೆಯ ಆವೃತ್ತಿ ತಂದ. ಅಷ್ಟರಲ್ಲಿ ಕೆಮ್ಮು, ಜ್ವರ ಆತನನ್ನು ಹಣ್ಣು ಮಾಡಿದ್ದವು. ಮೆರಿಯಾಡೆಕ್ ಎಂಬ ವೈದ್ಯ ಸಂಬಂಧಿ ಆತನ ಎದೆಗೇ ಸ್ಟೆತಸ್ಕೋಪ್ ಇಟ್ಟು ಕೇಳಿದ. ಅದು ಕ್ಷಯ. ಲೆನೆಕ್ ಪ್ಯಾರಿಸ್ ಬಿಟ್ಟು ಬ್ರಿಟನಿಗೆ ಮರಳಿ ಅದೇ ವರ್ಷ ಆಗಸ್ಟ್ 13ರಂದು ತೀರಿಕೊಂಡ. ವಯಸ್ಸು 45. ಆತನ ಸ್ಟೆತಸ್ಕೋಪ್ ಮೆರಿಯಾಡೆಕ್‌ಗೆ ಸಂದಿತು.

ಸದ್ದು ನಿಜ, ಕಾರಣ ತಪ್ಪು

ಶ್ವಾಸಕೋಶದ ವಿಷಯದಲ್ಲಿ ಲೆನೆಕ್ ಹೇಳಿದ್ದು ಬಹುಪಾಲು ನಿಂತಿತು. ಹೃದಯದ ವಿಷಯದಲ್ಲಿ ಹಾಗಾಗಲಿಲ್ಲ. ಎದೆಬಡಿತದ ‘ಲಬ್’ ಹೃತ್ಕುಕ್ಷಿಗಳ ಸಂಕೋಚನದ ಹೊತ್ತಿನದು ಎಂದು ಆತ ಗುರುತಿಸಿದ್ದು ಸರಿಯಾಗಿಯೇ ಇತ್ತು. ‘ಡಬ್’ ಹೃತ್ಕರ್ಣಗಳ ಸಂಕೋಚನದ್ದು ಎಂದು ತಿಳಿದದ್ದು ತಪ್ಪಾಗಿತ್ತು. ತಿದಿಯ ಸದ್ದು ಕೇಳಿದ ಕೆಲವು ರೋಗಿಗಳ ಹೃದಯವನ್ನು ಸತ್ತ ಮೇಲೆ ತೆರೆದರೆ ಅಲ್ಲಿ ಯಾವ ಹಾನಿಯೂ ಕಾಣುತ್ತಿರಲಿಲ್ಲ. ಹೀಗಾಗಿ ಆ ಸದ್ದಿಗೆ ಸ್ನಾಯುವಿನ ಸೆಳೆತವೇ ಕಾರಣವೆಂಬ ತೀರ್ಮಾನಕ್ಕೆ ಆತ ಬಂದಿದ್ದ. ರಕ್ತಹೀನತೆಯಲ್ಲೂ ಜ್ವರದಲ್ಲೂ ಸರಿಯಾದ ಹೃದಯವೇ ಅಂಥ ಸದ್ದು ಮಾಡಬಲ್ಲದು ಎಂಬುದು ಆಗ ತಿಳಿದಿರಲಿಲ್ಲ.

ಶವಾಗಾರದ ಸಾಕ್ಷಿಗೆ ಇದೇ ಮಿತಿ. ನಿಂತುಹೋದ ಹೃದಯ ಕವಾಟದ ಹಾನಿಯನ್ನು ತೋರಿಸಬಲ್ಲದು. ಸದ್ದು ಯಾವ ಕ್ಷಣದಲ್ಲಿ ಹುಟ್ಟಿತೆಂದು ಹೇಳಲಾರದು. ಅದಕ್ಕೆ ಬಡಿಯುವ ಹೃದಯವೇ ಬೇಕು. 1832ರಲ್ಲಿ ಪ್ಯಾರಿಸ್ಸಿನ ಜೋಸೆಫ್ ರುವಾನೆ ತನ್ನ ಪದವಿ ಪ್ರಬಂಧದಲ್ಲಿ, ಎರಡೂ ಸದ್ದು ಕವಾಟಗಳು ಮುಚ್ಚಿಕೊಳ್ಳುವುದರಿಂದ ಹುಟ್ಟುತ್ತವೆ ಎಂದು ವಾದಿಸಿದ. ಅದೇ ದಶಕದಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಹೋಪ್ ಮತ್ತು ಚಾರ್ಲ್ಸ್ ವಿಲಿಯಮ್ಸ್ ಪ್ರಜ್ಞೆ ತಪ್ಪಿಸಿದ ಕತ್ತೆಗಳ ಎದೆ ತೆರೆದು, ಬಡಿಯುತ್ತಿರುವ ಹೃದಯದ ಮೇಲೆಯೇ ಸ್ಟೆತಸ್ಕೋಪ್ ಇಟ್ಟರು. ಮಹಾಧಮನಿಯ ಕವಾಟದ ಎಸಳನ್ನು ಕೊಕ್ಕೆಯಿಂದ ಎಳೆದು ಹಿಡಿದರೆ ‘ಡಬ್’ ಮಾಯ. ಬಿಟ್ಟರೆ ಮತ್ತೆ ಹಾಜರ್. ಪ್ರಾಣಿಗಳ ಮೇಲಿನ ಆ ಪ್ರಯೋಗ ಇಂದು ಓದಲೂ ಕಷ್ಟ. ಆದರೆ ಲೆನೆಕ್‌ನ ತಪ್ಪು ತಿದ್ದಿಹೋದದ್ದು ಅದರಿಂದಲೇ.

ಅದಾದ ಮೇಲೆ ಕೇಳುವ ವಿದ್ಯೆ ವೇಗವಾಗಿ ಬೆಳೆಯಿತು. 1832ರಲ್ಲಿ ಡಬ್ಲಿನ್ನಿನ ಡಾಮಿನಿಕ್ ಕಾರಿಗನ್, ಮಹಾಧಮನಿಯ ಕವಾಟ ಸೋರುವವರಲ್ಲಿ ಕತ್ತಿನ ಧಮನಿಗಳು ಕಣ್ಣಿಗೆ ಕಾಣುವಂತೆ ಜಿಗಿಯುತ್ತವೆ ಎಂದು ವರ್ಣಿಸಿದ. ‘ನೋಡು’ ಎಂಬ ಹೆಜ್ಜೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ವಿಯೆನ್ನಾದ ಯೋಸೆಫ್ ಸ್ಕೋಡಾ 1839ರ ತನ್ನ ಗ್ರಂಥದಲ್ಲಿ ಎದೆಯ ಸದ್ದುಗಳನ್ನು ಭೌತಶಾಸ್ತ್ರದ ನೆಲೆಯಲ್ಲಿ ವಿವರಿಸಿದ. 1850ರ ದಶಕದಲ್ಲಿ ನ್ಯೂಯಾರ್ಕಿನ ಜಾರ್ಜ್ ಕ್ಯಾಮನ್ ಎರಡೂ ಕಿವಿಗೆ ಕೇಳುವ ಸ್ಟೆತಸ್ಕೋಪ್ ಮಾಡಿದ.

ಈ ದಶಕಗಳ ಸಂಶೋಧನೆಗಳಲ್ಲಿ ನಮ್ಮ ನಾಡಿಗೆ ತುಂಬ ಹತ್ತಿರವಾದದ್ದು ಜಾನ್ ಬಾಪ್ಟಿಸ್ಟ್ ಬುಯೊನದು. ಕೀಲುಗಳು ಊದಿ ನೋಯುವ ಜ್ವರ ಬಂದವರ ಎದೆಯನ್ನೂ ಆತ ತಪ್ಪದೆ ಕೇಳಿದ. ಕೀಲು ವಾಸಿಯಾಗಿ ಎದ್ದು ಓಡಾಡುವವರ ಹೃದಯದಲ್ಲಿ ಹೊಸ ಸದ್ದು ಉಳಿದುಬಿಡುತ್ತಿತ್ತು. ಈ ಜ್ವರಕ್ಕೂ ಕವಾಟದ ಹಾನಿಗೂ ನೇರ ಸಂಬಂಧವಿದೆ ಎಂದು 1830ರ ದಶಕದಲ್ಲೇ ಆತ ಬಲವಾಗಿ ಪ್ರತಿಪಾದಿಸಿದ. ಶ್ರೀಮಂತ ದೇಶಗಳಲ್ಲಿ ಈ ರುಮ್ಯಾಟಿಕ್ ಹೃದ್ರೋಗ ಈಗ ಅಪರೂಪ. ಭಾರತದಲ್ಲಿ ಇನ್ನೂ ಇದೆ. ಗಂಟಲು ನೋವೆಂದು ಅಲಕ್ಷಿಸಿದ ಸೋಂಕಿನಿಂದ ಶುರುವಾಗಿ, ಕವಾಟ ಕಿರಿದಾಗಿ, ಮೊದಲ ಬಸಿರಿನಲ್ಲಿ ಉಸಿರು ಕಟ್ಟಿದಾಗಷ್ಟೇ ಬೆಳಕಿಗೆ ಬರುವ ಹೆಣ್ಣುಮಕ್ಕಳ ಕಾಯಿಲೆ ಅದು. ಹಾನಿಯನ್ನು ಬೇಗ ಗುರುತಿಸಿ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡುತ್ತ ಬಂದರೆ ಅದು ಮುಂದುವರಿಯದಂತೆ ತಡೆಯಬಹುದು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಹನ್ನೆರಡು ವರ್ಷದ ಹುಡುಗಿಯ ಎದೆಯನ್ನು ಗಮನವಿಟ್ಟು ಕೇಳುವ ಒಬ್ಬ ಡಾಕ್ಟರು ಇದ್ದರೆ ಆ ಬಾಳು ಉಳಿಯುತ್ತದೆ.

ಕಾಲವೇ ಸಾಕ್ಷಿ

ಸದ್ದುಗಳು ಹೆಚ್ಚಾದಂತೆ ಭಯವೂ ಹೆಚ್ಚಿತು. ಹೃದಯದಲ್ಲಿ ಮರ್ಮರ ಕೇಳಿದರೆ ಸಾಕು, ನಾಡಿ ಒಂದು ಬಡಿತ ತಪ್ಪಿದರೆ ಸಾಕು, ವೈದ್ಯರು ರೋಗಿಯನ್ನು ಹಾಸಿಗೆಗೆ ಕಟ್ಟಿಹಾಕುತ್ತಿದ್ದರು. ಇದಕ್ಕೆ ಮದ್ದು ಹುಡುಕಿದವನು ಇಂಗ್ಲೆಂಡಿನ ಬರ್ನ್‌ಲಿ ಎಂಬ ಬಟ್ಟೆ ಗಿರಣಿಗಳ ಊರಿನ ಸಾಮಾನ್ಯ ಡಾಕ್ಟರು ಜೇಮ್ಸ್ ಮೆಕೆಂಜಿ. 1879ರಲ್ಲಿ ಅಲ್ಲಿ ವೃತ್ತಿ ಶುರುಮಾಡಿದ. ಆತನ ಆರೈಕೆಯಲ್ಲಿದ್ದ ಹೃದ್ರೋಗಿ ಗರ್ಭಿಣಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಳು. ಯಾರ ಹೃದಯ ತಾಳುತ್ತದೆ, ಯಾರದು ತಾಳುವುದಿಲ್ಲ ಎಂದು ಮೊದಲೇ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಆತನನ್ನು ಬಿಡಲಿಲ್ಲ.

ಮುಂಗೈ ನಾಡಿಯನ್ನೂ ಕತ್ತಿನ ಸಿರೆಯ ಮಿಡಿತವನ್ನೂ ಒಟ್ಟೊಟ್ಟಿಗೆ ಕಾಗದದ ಮೇಲೆ ಶಾಯಿಯಲ್ಲಿ ಬರೆಯುವ ಯಂತ್ರವನ್ನು ಮೆಕೆಂಜಿ ರೂಪಿಸಿದ. ಅದರ ಗೆರೆಗಳನ್ನು ಹೋಲಿಸಿ ಹೃದಯದ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ತಾಳ ತಪ್ಪಿರುವುದನ್ನು ಓದಿದ. ಆದರೆ ಆತನ ನಿಜವಾದ ಸಾಧನ ಒಂದೇ ಊರಿನಲ್ಲಿ ದಶಕಗಟ್ಟಲೆ ಇದ್ದು ಅದೇ ಮನೆಗಳಿಗೆ ಮತ್ತೆ ಮತ್ತೆ ಹೋದದ್ದು. ಬಡಿತ ತಪ್ಪುತ್ತದೆ ಎಂದು ಬರೆದಿಟ್ಟುಕೊಂಡ ಯುವಕ ಇಪ್ಪತ್ತು ವರ್ಷವಾದ ಮೇಲೂ ಗಿರಣಿಯಲ್ಲಿ ದುಡಿಯುತ್ತಿದ್ದರೆ, ಆ ತಪ್ಪು ಬಡಿತ ಕೇಡಿನದಲ್ಲ ಎಂದೇ ಅರ್ಥ. ದೊಡ್ಡ ಆಸ್ಪತ್ರೆಗಳ ಪ್ರಾಧ್ಯಾಪಕರಿಗೆ ಇಂಥ ಸಾಕ್ಷಿ ಸಿಗುವಂತಿರಲಿಲ್ಲ. ಅವರ ರೋಗಿಗಳು ಬಂದು ಹೋಗುವವರು. 1902ರಲ್ಲಿ ಪ್ರಕಟವಾದ ಆತನ ನಾಡಿಯ ಕುರಿತ ಗ್ರಂಥ ಎಷ್ಟೋ ಜನರನ್ನು ಸುಮ್ಮನೆ ಮಲಗುವ ಶಿಕ್ಷೆಯಿಂದ ಬಿಡಿಸಿತು. ಮೆಕೆಂಜಿ ಸ್ವತಃ ಹೃದ್ರೋಗದಿಂದ ನರಳಿ 1925ರಲ್ಲಿ ತೀರಿಕೊಂಡ. ತನ್ನ ಹೃದಯವನ್ನು ತೆರೆದು ನೋಡಬೇಕೆಂದು ಸಹೋದ್ಯೋಗಿಗಳಿಗೆ ಹೇಳಿಯೇ ಹೋಗಿದ್ದ; ಅವರು ಹಾಗೆಯೇ ಮಾಡಿದರು. ಪ್ಯಾರಿಸ್ಸಿನ ಬಡವರನ್ನು ಯಾರೂ ಕೇಳಿರಲಿಲ್ಲ. ಇಲ್ಲಿ ಒಬ್ಬ ವೈದ್ಯ ತಾನೇ ಒಪ್ಪಿ ಮುಂದೆ ಬಂದ.

ಕಾಲು ಉಳಿಸಲು ಹೊರಟವನು ಬಿಪಿ ಕಂಡದ್ದು

ಹೇಲ್ಸ್‌ನ ಕುದುರೆಯ ನಂತರ ರಕ್ತದೊತ್ತಡವನ್ನು ಮನುಷ್ಯರಲ್ಲಿ ನೋವಿಲ್ಲದೆ ಅಳೆಯಲು ಹಲವರು ಹೆಣಗಿದರು. 1896ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಶಿಪಿಯೋನೆ ರೀವಾ-ರೋಚಿ ಒಂದು ಸರಳ ದಾರಿ ತೋರಿಸಿದ. ತೋಳಿಗೆ ಸುತ್ತುವ ಪಟ್ಟಿ, ಅದರೊಳಗೆ ಗಾಳಿ ತುಂಬುವ ಸೈಕಲ್ ಟ್ಯೂಬಿನ ರಬ್ಬರು, ಒತ್ತಡ ತೋರಿಸುವ ಪಾದರಸದ ಕೊಳವೆ. ಗಾಳಿ ತುಂಬುತ್ತ ಹೋದಂತೆ ಮುಂಗೈ ನಾಡಿ ಬೆರಳಿಗೆ ಸಿಗದಾಗುವ ಮಟ್ಟವೇ ಮೇಲಿನ ಒತ್ತಡ. ಕೆಳಗಿನ ಒತ್ತಡ ಹೀಗೆ ಸಿಗುತ್ತಿರಲಿಲ್ಲ.

ಅದನ್ನು ಕಂಡವನು ಹೃದಯದ ವೈದ್ಯನಲ್ಲ, ರಷ್ಯಾದ ಸೇನಾ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕಾಫ್. 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ಮಂಚೂರಿಯಾದ ಹಾರ್ಬಿನ್ ನಗರದಲ್ಲಿ ಆತ ಗಾಯಾಳುಗಳಿಗೆ ಚಿಕಿತ್ಸೆ ಮಾಡುತ್ತಿದ್ದ. ಗುಂಡೇಟಿನಿಂದ ಧಮನಿ ಹರಿದು ಊದಿದವರಲ್ಲಿ ಆ ಧಮನಿಯನ್ನು ಕಟ್ಟಲೇಬೇಕು. ಕಟ್ಟಿದ ಮೇಲೆ ಅಕ್ಕಪಕ್ಕದ ಸಣ್ಣ ಧಮನಿಗಳು ಕಾಲಿಗೆ ಬೇಕಾದಷ್ಟು ರಕ್ತ ಒಯ್ಯುತ್ತವೆಯೇ, ಕಾಲು ಕೊಳೆಯುತ್ತದೆಯೇ? ಇದನ್ನು ಶಸ್ತ್ರಕ್ರಿಯೆಗೆ ಮುಂಚೆಯೇ ತಿಳಿಯುವ ಆಸೆಯಿಂದ ಆತ ಧಮನಿಗಳನ್ನು ಒತ್ತಿ, ಬಿಟ್ಟು, ಸ್ಟೆತಸ್ಕೋಪಿನಲ್ಲಿ ಕೇಳುತ್ತಿದ್ದ. ಪೂರ್ತಿ ಒತ್ತಿಹಿಡಿದ ಧಮನಿಯಲ್ಲಿ ಸದ್ದಿಲ್ಲ, ಅರೆಬರೆ ಬಿಟ್ಟಾಗ ಸದ್ದಿದೆ ಎಂಬುದು ಅಲ್ಲಿ ಆತನ ಗಮನಕ್ಕೆ ಬಂತು.

1905ರ ನವೆಂಬರ್ 8ರಂದು ಸೇಂಟ್ ಪೀಟರ್ಸ್‌ಬರ್ಗಿನ ಸೇನಾ ವೈದ್ಯಕೀಯ ಅಕಾಡೆಮಿಯಲ್ಲಿ ಕೊರೊಟ್ಕಾಫ್ ಎದ್ದು ನಿಂತು ತನ್ನ ವಿಧಾನವನ್ನು ವಿವರಿಸಿದ. ಅಚ್ಚಾದ ವರದಿ ಒಂದು ಪುಟವನ್ನೂ ತುಂಬಲಿಲ್ಲ. ರೀವಾ-ರೋಚಿಯ ಪಟ್ಟಿಯನ್ನು ತೋಳಿಗೆ ಕಟ್ಟಿ ನಾಡಿ ನಿಲ್ಲುವವರೆಗೆ ಗಾಳಿ ತುಂಬಬೇಕು. ಪಟ್ಟಿಯ ಕೆಳಗೆ ಧಮನಿಯ ಮೇಲೆ ಮಕ್ಕಳ ಸ್ಟೆತಸ್ಕೋಪ್ ಇಟ್ಟು ಗಾಳಿಯನ್ನು ನಿಧಾನ ಬಿಡಬೇಕು. ಮೊದಲು ನಿಶ್ಶಬ್ದ. ಪಾದರಸ ಒಂದು ಮಟ್ಟಕ್ಕೆ ಇಳಿದಾಗ ಪುಟ್ಟ ಟಕ್ ಟಕ್ ಶುರು. ನಾಡಿಯ ಅಲೆ ಪಟ್ಟಿಯಡಿ ನುಸುಳಿತೆಂದು ಅರ್ಥ. ಅದು ಮೇಲಿನ ಒತ್ತಡ. ಇನ್ನೂ ಇಳಿದಾಗ ಸದ್ದು ಮರ್ಮರವಾಗಿ, ಮತ್ತೆ ಟಕ್ ಟಕ್ ಆಗಿ, ಕೊನೆಗೆ ಅಡಗಿಹೋಗುತ್ತದೆ. ಅಡಗಿದ ಮಟ್ಟವೇ ಕೆಳಗಿನ ಒತ್ತಡ.

ಸಭೆಯಲ್ಲಿದ್ದವರು ತಕ್ಷಣ ಒಪ್ಪಲಿಲ್ಲ. ಅದು ಹೃದಯದ ಸದ್ದೇ ಹರಿದು ಬಂದದ್ದಿರಬಹುದಲ್ಲ ಎಂದು ಪ್ರಶ್ನಿಸಿದರು. ಕೊರೊಟ್ಕಾಫ್ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಸದ್ದು ಹುಟ್ಟುವುದು ಆ ಧಮನಿಯಲ್ಲೇ ಎಂಬ ಉತ್ತರದೊಂದಿಗೆ ಮುಂದಿನ ತಿಂಗಳೇ ಮರಳಿದ. ಮುಂದೆ ಆತ ಸೈಬೀರಿಯಾದ ಲೇನಾ ಚಿನ್ನದ ಗಣಿಗಳ ಕಾರ್ಮಿಕರ ವೈದ್ಯನಾದ. 1920ರಲ್ಲಿ ಪೆಟ್ರೊಗ್ರಾಡಿನಲ್ಲಿ ತೀರಿಕೊಂಡ. ನಮ್ಮ ಊರಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಮೊಣಕೈ ಮಡಿಕೆಗೆ ಸ್ಟೆತಸ್ಕೋಪ್ ಇಟ್ಟು ‘ನೂರಿಪ್ಪತ್ತು, ಎಂಬತ್ತು’ ಎಂದಾಗ ಕೇಳುವುದು ಆತ ಕೇಳಿದ್ದನ್ನೇ.

ಪರದೆಯ ಮುಂದೆ

ಅದೇ ಹೊತ್ತಿಗೆ ಹಾಲೆಂಡಿನ ಲೈಡನ್‌ನಲ್ಲಿ ವಿಲೆಮ್ ಐಂತೋವನ್ ಹೃದಯದ ವಿದ್ಯುತ್ತನ್ನು ಬರೆಯುವ ಯಂತ್ರ ಮಾಡಿದ್ದ. ರೋಗಿ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಮುಳುಗಿಸಿ ಕೂರಬೇಕಿತ್ತು. ಅದೇ ಇಂದಿನ ಇಸಿ‌ಜಿ. 1924ರಲ್ಲಿ ಅದಕ್ಕೆ ನೊಬೆಲ್ ಬಂತು. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯ, ಹೆಲ್ಮುಟ್ ಹರ್ಟ್ಜ್ ಎಂಬ ಭೌತವಿಜ್ಞಾನಿ ಸೇರಿ, ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಪತ್ತೆಮಾಡಲು ಬಳಸುತ್ತಿದ್ದ ಅಲ್ಟ್ರಾಸೌಂಡ್ ಯಂತ್ರವನ್ನು ಎರವಲು ತಂದು ಹೃದಯದತ್ತ ತಿರುಗಿಸಿದರು. ಎಕೋ ಹುಟ್ಟಿತು. ಎಕೋಗೂ ಮೊದಲ ವರ್ಷಗಳಲ್ಲಿ ಸಾಕ್ಷಿ ಬೇಕಾಯಿತು. ಪರದೆಯಲ್ಲಿ ಕುಣಿಯುವ ಗೆರೆ ಹೃದಯದ ಯಾವ ಭಾಗದ್ದು ಎಂಬುದನ್ನು ಎಡ್ಲರ್ ಮೊದಲು ತಪ್ಪಾಗಿ ಗುರುತಿಸಿದ್ದ. ಶವಗಳಲ್ಲಿ ಅಲೆ ಸಾಗುವ ದಿಕ್ಕಿನಲ್ಲೇ ಸೂಜಿ ತೂರಿಸಿ, ಅದು ಮುಟ್ಟಿದ್ದೇನೆಂದು ನೋಡಿದ ಮೇಲೆ ಅದು ಕವಾಟದ ಎಸಳು ಎಂದು ಖಚಿತವಾಯಿತು.

ಇಷ್ಟೆಲ್ಲ ಇರುವಾಗ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವುದೇಕೆ ಎಂಬ ಪ್ರಶ್ನೆ ಈಗ ಗಂಭೀರವಾಗಿಯೇ ಎದ್ದಿದೆ. ಕಿವಿಗಿಂತ ಎಕೋ ಹೆಚ್ಚು ಖಚಿತ, ಇದರಲ್ಲಿ ವಾದವಿಲ್ಲ. ಆದರೆ ಎಕೋ ಯಾರಿಗೆ ಬೇಕು, ಎಷ್ಟು ತುರ್ತಾಗಿ ಬೇಕು ಎಂದು ತೀರ್ಮಾನಿಸುವುದು ಕತ್ತಿನ ಸಿರೆ ನೋಡಿದ ಕಣ್ಣು, ಊದಿದ ಪಾದ ಒತ್ತಿದ ಬೆರಳು, ಎದೆ ಕೇಳಿದ ಕಿವಿ. ತಾಲ್ಲೂಕು ಆಸ್ಪತ್ರೆಯಲ್ಲಿ ಅವೇ ಮೊದಲು, ಹಲವು ಸಲ ಅವಷ್ಟೇ. ಅವು ಮೊಂಡಾದರೆ ಮೊದಲು ಪೆಟ್ಟು ಬೀಳುವುದು ನಗರದ ದೊಡ್ಡ ಆಸ್ಪತ್ರೆಗೆ ಹೋಗಲಾಗದವರಿಗೆ.

ಕಿವಿ ಮೊಂಡಾಗದಂತೆ ಇಡುವ ದಾರಿ ನೆಕರ್ ಆಸ್ಪತ್ರೆಯಲ್ಲೇ ಇದೆ. ಲೆನೆಕ್ ತಾನು ಕೇಳಿದ್ದು ಸರಿಯೇ ಎಂದು ತಿಳಿಯಲು ರೋಗಿ ಸಾಯುವವರೆಗೆ ಕಾಯಬೇಕಿತ್ತು. ಮೆಕೆಂಜಿ ಇಪ್ಪತ್ತು ವರ್ಷ ಕಾಯಬೇಕಿತ್ತು. ಇಂದಿನ ಯುವ ಡಾಕ್ಟರಿಗೆ ಅದೇ ಸಾಕ್ಷಿ ಅರ್ಧ ಗಂಟೆಯಲ್ಲಿ ಪಕ್ಕದ ಕೋಣೆಯ ಪರದೆಯ ಮೇಲೆ ಸಿಗುತ್ತದೆ, ರೋಗಿ ಬದುಕಿದ್ದಾಗಲೇ, ವಾಸಿಮಾಡಲು ಇನ್ನೂ ಹೊತ್ತಿರುವಾಗಲೇ. ಇಂಥ ಅನುಕೂಲ ಈ ವಿದ್ಯೆಯನ್ನು ಕಟ್ಟಿದ ಯಾರಿಗೂ ಇರಲಿಲ್ಲ. ಎಕೋ ಬರೆದುಕೊಡುವ ಮುನ್ನ ತಾನು ಏನು ನೋಡಿದೆ, ಏನು ಮುಟ್ಟಿದೆ, ಏನು ಕೇಳಿದೆ ಎಂದು ಕೇಸ್ ಶೀಟಿನಲ್ಲಿ ಎರಡು ಸಾಲು ಬರೆದಿಟ್ಟು, ವರದಿ ಬಂದ ಮೇಲೆ ಹೋಲಿಸಿ ನೋಡುವ ರೂಢಿ ನಮ್ಮ ಎಲ್ಲ ಆಸ್ಪತ್ರೆಗಳಲ್ಲೂ ಬರಬೇಕು. ಹಾಗಾದರೆ ಎಕೋ ಕಿವಿಯ ಕೆಲಸವನ್ನು ಕಿತ್ತುಕೊಳ್ಳುವ ಬದಲು ದಿನದಿನವೂ ಅದಕ್ಕೆ ಪಾಠ ಹೇಳುವ ಗುರುವಾಗುತ್ತದೆ, ಆ ಪಾಠ ಕಲಿತ ಡಾಕ್ಟರು ಯಂತ್ರವಿಲ್ಲದ ಊರಿಗೆ ಹೋದರೂ ಎದೆಯ ಮಾತನ್ನು ತಪ್ಪಿಲ್ಲದೆ ಓದುತ್ತಾರೆ.